ಯದುನಾಥ ಸರ್ಕಾರರೂ ನಮ್ಮ ಇತಿಹಾಸ ವ್ಯಾಸಂಗವೂ

ವಿಶ್ವವಿದ್ಯಾನಿಲಯದಲ್ಲಿ ಇತಿಹಾಸವನ್ನು ವ್ಯಾಸಂಗ ಮಾಡುವುದೆಂದರೇನು? ಆಂಗ್ಲ ಗ್ರಂಥಕರ್ತನೊಬ್ಬನು ಬರೆದುದನ್ನು ಪ್ರಾಧ್ಯಾಪಕನು ಓದಿ ಹೇಳುವುದು, ಆತನು ಹೇಳಿದುದನ್ನು ವಿದ್ಯಾರ್ಥಿಯು ಬರೆದುಕೊಂಡು ಕಂಠಸ್ಥಮಾಡುವುದು, ಕಂಠಸ್ಥವಾದುದನ್ನು ವರ್ಷಾಂತ್ಯದಲ್ಲಿ ಪರೀಕ್ಷಕನಿಗೆ ಒಪ್ಪಿಸಿ ಮರೆತುಬಿಡುವುದು. ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಬಹುಕಾಲದವರೆಗೆ ಈ ಪ್ರಶ್ನೆಗೆ ಕೊಟ್ಟ ಉತ್ತರವು ಇಷ್ಟೇ. ಅವು ಪರೀಕ್ಷೆಗಳನ್ನು ನಡೆಯಿಸುವ ಸಂಸ್ಥೆಗಳಾಗಿದ್ದುವೇ ಹೊರತು ಹೊಸ ಜ್ಞಾನವನ್ನು ಉತ್ಪಾದಿಸುವ ಸ್ಥಾನಗಳಾಗಿರಲಿಲ್ಲ. ಮೊಗಲರ ರಾಜ್ಯವು ಹೇಗೆ ಬೆಳೆಯಿತು, ಹೇಗೆ ಮುರಿಯಿತು, ಮರಾಠರು ಹೇಗೆ ಎದ್ದರು ಎಂಬುದನ್ನು ನಮ್ಮ ತರುಣರು ಎಲ್ಫಿನ್‌ಸ್ಟನ್ನನಿಂದಲೂ ಗ್ರ್ಯಾಂಟ್ ಡಫ್ಫನಿಂದಲೂ ತಿಳಿಯಬೇಕಾಗಿದ್ದಿತು. ತಮ್ಮ ಮನೆಯ ಕಥೆಯನ್ನು ಪರರ ಬಾಯಿಂದ ಕೇಳುವವರ ಪಾಡು ಇದು.

ಈ ಸ್ಥಿತಿಯನ್ನು ತನ್ನೊಬ್ಬನ ದುಡಿಮೆಯಿಂದಲೇ ಬಹುಮಟ್ಟಿಗೆ ಬದಲಾಯಿಸಿದ ಪುರುಷರು ಯದುನಾಥ ಸರ್ಕಾರರು. ಇವರ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಇವರ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಇನ್ನೂ ವಿರಳ. ರಾಷ್ಟ್ರೀಯ ಪಕ್ಷದವರಾದ ನಮಗೆ ಇವರ ಎಲ್ಲ ಅಭಿಪ್ರಾಯಗಳೂ ಸಮ್ಮತವಲ್ಲ. ಆದರೂ ಇವರ ಜೀವಿತವನ್ನು ವಾಚಕರ ಮುಂದೆ ಇಡುವುದು ಅವಶ್ಯವೆಂದು ನಾವು ಭಾವಿಸಿದ್ದೇವೆ.

ಯದುನಾಥರು 1870ನೆಯ ಇಸವಿ ಡಿಸೆಂಬರ್ 10ರಂದು ರಾಜಶಾಹಿ ಜಿಲ್ಲೆಯ ಕರಚ್‌ಮರಿಯಾ ಎಂಬ ಗ್ರಾಮದಲ್ಲಿ ಜನಿಸಿದರು. ಆ ಗ್ರಾಮವು ಈಗ ಬಾಂಗ್ಲಾದೇಶದ ನಾಟೋರ ಜಿಲ್ಲೆಗೆ ಸೇರಿದೆ. ತಂದೆ ರಾಜಕುಮಾರ ಸರ್ಕಾರರು ಜಮೀನುದಾರರು. ಪುಸ್ತಕ ಸಂಗ್ರಹದಲ್ಲಿ ಆಸಕ್ತಿಯುಳ್ಳವರು. ರಾಜಶಾಹಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಓದಿ, ಪ್ರೆಸಿಡೆನ್ಸಿ ಕಾಲೇಜಿನಿಂದ 1892ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಪ್ರಥಮ ವರ್ಗದ ಪ್ರಥಮ ಸ್ಥಾನವನ್ನು ಯದುನಾಥರು ಪಡೆದರು. ಆ ಪರೀಕ್ಷೆಯು ಇತಿಹಾಸದ್ದಲ್ಲ, ಇಂಗ್ಲಿಷ್ ಸಾಹಿತ್ಯದ್ದು! ಮುಂದೆ ಭಾರತದ ಇತಿಹಾಸಕಾರರಲ್ಲಿ ಅಗ್ರಗಣ್ಯರೆನಿಸಿಕೊಂಡವರು ಮೊದಲು ರಿಪನ್ ಕಾಲೇಜಿನಲ್ಲಿಯೂ ಅನಂತರ ವಿದ್ಯಾಸಾಗರರ ಕಾಲೇಜಿನಲ್ಲಿಯೂ ಇಂಗ್ಲಿಷ್ ಪಾಠವನ್ನು ಹೇಳುತ್ತಿದ್ದರೆಂಬುದು ಗಮನಾರ್ಹವಾದುದು. ಮೂಲಾಧಾರಗಳನ್ನು ಹಿಡಿದು ಇತಿಹಾಸವನ್ನು ಬರೆಯುವ ವಿದ್ಯೆಯನ್ನು ಇವರಿಗೆ ಯಾವ ತರಗತಿಯೂ ಕಲಿಸಿರಲಿಲ್ಲ.

ದಾರಿಯನ್ನು ತೋರಿಸಿದುದು ಒಂದು ವಿದ್ಯಾರ್ಥಿವೇತನ. ಬೊಂಬಾಯಿಯ ಹತ್ತಿಯ ವರ್ತಕರಾದ ಪ್ರೇಮಚಂದ ರಾಯಚಂದರು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ 2 ಲಕ್ಷ ರೂಪಾಯಿಗಳನ್ನು ದಾನಮಾಡಿದ್ದರು. ಅದರ ಬಡ್ಡಿಯಿಂದ ಸ್ಥಾಪಿತವಾದ ಪುರಸ್ಕಾರವನ್ನು ಯದುನಾಥರು 1897ರಲ್ಲಿ ಗಳಿಸಿದರು. ಗುಜರಾತಿ ವ್ಯಾಪಾರಿಯ ಹಣದಿಂದ ಬಂಗಾಳದ ವಿದ್ವಾಂಸನು ದೆಹಲಿಯ ಬಾದಶಹನ ವಿಷಯವಾಗಿ ಬರೆಯಲು ಸಾಧ್ಯವಾಯಿತು. ರಾಷ್ಟ್ರೀಯತೆಯೆಂಬುದು ಸಭೆಗಳಲ್ಲಿ ಮಾತ್ರ ಹುಟ್ಟಲಿಲ್ಲವಷ್ಟೆ. ಆ ವ್ಯಾಸಂಗದ ಫಲವಾಗಿ ಔರಂಗಜೇಬನ ಕಾಲದ ಭಾರತದ ಭೂವಿವರಣೆ, ಕಂದಾಯದ ಅಂಕಿಗಳು, ಮಾರ್ಗಗಳು ಇವುಗಳನ್ನು ನಿರೂಪಿಸುವ ಗ್ರಂಥವು 1901ರಲ್ಲಿ ಪ್ರಕಟವಾಯಿತು. ರಾಜನ ಚರಿತ್ರೆಯನ್ನು ಬರೆಯುವುದಕ್ಕೆ ಮುಂಚೆ ಆ ರಾಜ್ಯದ ದಾರಿಗಳನ್ನೂ ವರಮಾನವನ್ನೂ ಅಳೆದುನೋಡಬೇಕೆಂಬ ಬುದ್ಧಿಯು ಮೂವತ್ತರ ಪ್ರಾಯದಲ್ಲಿಯೇ ಅವರಲ್ಲಿದ್ದಿತು.

1898ರಲ್ಲಿ ಅವರು ಸರಕಾರದ ಪ್ರಾಂತೀಯ ವಿದ್ಯಾಸೇವೆಯನ್ನು ಸೇರಿ, ಮರುವರ್ಷ ಪಾಟ್ನಾ ಕಾಲೇಜಿಗೆ ಹೋದರು. ಆಗ ಆಂಗ್ಲ ಪ್ರಾಧ್ಯಾಪಕರಿಗೆ ಮೇಲಿನ ಸೇವೆ, ಭಾರತೀಯರಿಗೆ ಕೆಳಗಿನ ಸೇವೆ ಎಂಬ ಭೇದವು ಇದ್ದಿತು. ವೇತನದಲ್ಲಿಯೂ ಪದವಿಯಲ್ಲಿಯೂ ಅಂತರವು ದೊಡ್ಡದಾಗಿದ್ದಿತು. ಔರಂಗಜೇಬನ ಚರಿತ್ರೆಯ ಮೂರು ಸಂಪುಟಗಳು ಹೊರಬಂದು, ಅವರ ಖ್ಯಾತಿಯು ಯೂರೋಪನ್ನು ಮುಟ್ಟಿದ ಮೇಲೆ, 1918ರಲ್ಲಿ ಅವರನ್ನು ಮೇಲಿನ ಸೇವೆಗೆ ಏರಿಸಲಾಯಿತು. ನಲವತ್ತೇಳು ವರ್ಷ ವಯಸ್ಸಿನ ವಿದ್ವಾಂಸನಿಗೆ ಇದು ಗೌರವವೋ ಅಗೌರವವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಪಾಟ್ನಾ ನಗರವು ಅವರಿಗೆ ಅದೃಷ್ಟವಶದಿಂದ ದೊರೆತ ಸ್ಥಾನ. ಅಲ್ಲಿಯ ವಕೀಲರಾದ ಖುದಾಬಕ್ಷರು ತಂದೆಯಿಂದ ಬಂದುದನ್ನೂ ತಾವು ಸಂಗ್ರಹಿಸಿದುದನ್ನೂ ಸೇರಿಸಿ ಅರಬ್ಬಿ ಫಾರಸಿ ಹಸ್ತಪ್ರತಿಗಳ ಮಹಾಭಂಡಾರವೊಂದನ್ನು 1891ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದರು. ಯದುನಾಥರು ಫಾರಸಿಯನ್ನು ಕಲಿತು ಆ ಭಂಡಾರದೊಳಕ್ಕೆ ಪ್ರವೇಶಿಸಿದರು. ಮರಾಠಿಯನ್ನು ಕಲಿತರು, ಪೋರ್ಚುಗೀಸ್ ಮತ್ತು ಫ್ರೆಂಚ್ ಭಾಷೆಗಳನ್ನೂ ಬಿಡಲಿಲ್ಲ. ನಿವೃತ್ತರಾಗಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಅರ್ವಿನ್ ಎಂಬ ಅಧಿಕಾರಿಯು ಕಾಗದಗಳ ಮೂಲಕ ಇವರಿಗೆ ಮಾರ್ಗದರ್ಶಕನಾದನು. ಲಂಡನ್, ಪ್ಯಾರಿಸ್ ಮುಂತಾದೆಡೆಗಳ ಹಸ್ತಪ್ರತಿಗಳನ್ನು ನಕಲು ಮಾಡಿಸಿಯೂ ಛಾಯಾಚಿತ್ರ ತೆಗೆಯಿಸಿಯೂ ತರಿಸಿಕೊಂಡರು. ಅದರ ವೆಚ್ಚವು ಕಾಲೇಜು ಅಧ್ಯಾಪಕನ ಸಂಬಳದಿಂದಲೇ ಹುಟ್ಟಬೇಕಾಗಿದ್ದಿತು. 1911ರಲ್ಲಿ ಅರ್ವಿನ್ ತೀರಿಕೊಂಡಾಗ, ಆತನು ಅಪೂರ್ಣವಾಗಿ ಬಿಟ್ಟುಹೋದ ಉತ್ತರಕಾಲದ ಮೊಗಲರ ಚರಿತ್ರೆಯನ್ನು ಯದುನಾಥರು ಸಂಪಾದಿಸಿ, ಮುಂದುವರಿಸಿ, 1922ರಲ್ಲಿ ಪ್ರಕಟಿಸಿ ಋಣವನ್ನು ತೀರಿಸಿದರು.

ಇವರ ಕಾರ್ಯಕ್ರಮವು ಎಂತಹುದೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ಮೊಗಲ ದರಬಾರಿನಲ್ಲಿ ರಾಜರು ತಮ್ಮ ತಮ್ಮ ವಕೀಲರನ್ನು ಇರಿಸುತ್ತಿದ್ದರು. ಅಲ್ಲಿಂದ ದರಬಾರಿನ ವಾರ್ತೆಗಳ ಹಾಳೆಗಳು ಹೊರಡುತ್ತಿದ್ದುವು. ಇವುಗಳಿಗೆ ಅಖಬಾರಾತ್ ಎಂದು ಹೆಸರು. ಇಂತಹ ದಿನ ಬಾದಶಹನು ಯಾರನ್ನು ಕಂಡನು, ಯಾರಿಗೆ ಯಾವ ಮನಸಬು ಕೊಟ್ಟನು, ಯಾವ ಕೋಟೆಯಿಂದ ಯಾವ ಸುದ್ದಿ ಬಂದಿತು ಎಂಬ ಒಣ ಸಂಗತಿಗಳಲ್ಲದೆ ಅವುಗಳಲ್ಲಿ ಬೇರೇನೂ ಇರುವುದಿಲ್ಲ. ರಾಜನು ಸತ್ತ ಮೇಲೆ ಆಸ್ಥಾನ ಪಂಡಿತನು ಬರೆದ ಸ್ತುತಿಗಿಂತ ಈ ಒಣ ಹಾಳೆಯೇ ಹೆಚ್ಚು ಪ್ರಮಾಣವೆಂಬುದನ್ನು ಯದುನಾಥರು ತೋರಿಸಿಕೊಟ್ಟರು. ಹಿಜರಿ ಶಕದ ಚಾಂದ್ರಮಾನ ದಿನವನ್ನು ಕ್ರಿಸ್ತಶಕಕ್ಕೆ ತಿರುಗಿಸಿ, ಮರಾಠಿ ಪತ್ರದ ತಿಥಿಯೊಡನೆಯೂ ಸೂರತ್ತಿನ ಆಂಗ್ಲ ಕೋಠಿಯವರ ಕಾಗದದೊಡನೆಯೂ ಹೋಲಿಸಿ, ಘಟನೆಯ ದಿನವನ್ನು ನಿಷ್ಕರ್ಷೆಮಾಡುವುದು ಅವರ ಮೊದಲ ಕೆಲಸ. ಬಳಿಕ ರಜಾ ದಿನಗಳಲ್ಲಿ ಆ ಕೋಟೆಗೂ ಆ ರಣರಂಗಕ್ಕೂ ಹೋಗಿ, ಬೆಟ್ಟ ಯಾವ ಕಡೆಗೆ, ನೀರು ಯಾವ ಕಡೆಗೆ ಎಂದು ನೋಡಿಬರುವುದು ಎರಡನೆಯ ಕೆಲಸ. 1665ರ ಪುರಂದರದ ಒಪ್ಪಂದದಲ್ಲಿ ಶಿವಾಜಿಯು 23 ಕೋಟೆಗಳನ್ನು ಬಿಟ್ಟುಕೊಟ್ಟು 12ನ್ನು ಉಳಿಸಿಕೊಂಡುದರ ಹಿಂದಿನ ಯುಕ್ತಿಪ್ರಯುಕ್ತಿಗಳನ್ನು, ಮಿರ್ಜಾ ರಾಜಾ ಜಯಸಿಂಹನು ಬಾದಶಹನಿಗೆ ಬರೆಯಿಸಿದ ಪತ್ರಗಳ ಸಂಗ್ರಹದಿಂದಲೇ ಅವರು ಹೊರಗೆಡಹಿದರು.

ಐದು ಸಂಪುಟಗಳ ಔರಂಗಜೇಬ ಚರಿತ್ರೆಯು 1912ರಲ್ಲಿ ಪ್ರಾರಂಭವಾಗಿ 1924ರಲ್ಲಿ ಮುಗಿಯಿತು. ಇದರ ಕೊನೆಯ ಎರಡು ಸಂಪುಟಗಳು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದವು. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರವು ಬಿದ್ದ ಬಗೆಯನ್ನು ಅಲ್ಲಿ ದಿನದಿನದ ಕ್ರಮದಲ್ಲಿ ಓದಬಹುದು. 1695ರಲ್ಲಿ ಚಿತ್ರದುರ್ಗದ ಸೀಮೆಯ ದೊಡ್ಡೇರಿಯಲ್ಲಿ ಸಂತಾಜಿ ಘೋರ್ಪಡೆಯು ಕಾಸಿಂ ಖಾನನ ಸೇನೆಯನ್ನು ಮುತ್ತಿ, ಅನ್ನನೀರುಗಳಿಲ್ಲದಂತೆ ಮಾಡಿ, ಮೊಗಲ ಸರದಾರರಿಂದ ಧನವನ್ನು ಒಪ್ಪಿಸಿಕೊಂಡು ಬಿಟ್ಟ ಪ್ರಸಂಗವೂ ಅಲ್ಲಿ ಇದೆ. ಕಾಸಿಂ ಖಾನನು ಆ ಕಿರುಕೋಟೆಯಲ್ಲಿಯೇ ಪ್ರಾಣಬಿಟ್ಟನು. ಇದಕ್ಕಿಂತಲೂ ಸ್ವಾರಸ್ಯವಾದುದು ವಾಗಣಗೇರಿಯ ಕಥೆ. ಸುರಪುರದ ಬೇಡ ನಾಯಕರ ಈ ಕೋಟೆಯು ಔರಂಗಜೇಬನು ತಾನೇ ನಿಂತು ನಡೆಯಿಸಿದ ಕೊನೆಯ ಮುತ್ತಿಗೆಗೆ ಗುರಿಯಾಯಿತು. ಕಾಬೂಲಿನಿಂದ ಬಂಗಾಳದವರೆಗೆ ಆಳುತ್ತಿದ್ದ, ಎಂಬತ್ತಾರು ವರ್ಷ ವಯಸ್ಸಿನ ಚಕ್ರವರ್ತಿಯು 1705ರ ಫೆಬ್ರವರಿಯಿಂದ ಏಪ್ರಿಲ್ ವರೆಗೆ ಒಬ್ಬ ಪಾಳೆಯಗಾರನ ಮುಂದೆ ಪಾಳೆಯ ಬಿಟ್ಟು ಕುಳಿತನು. ಪಿಡ್ಡನಾಯಕನು ಸಂಧಾನದ ನೆವದಿಂದ ಕಾಲವನ್ನು ತಳ್ಳಿದನು. ಧನಾಜಿ ಜಾಧವನ ಮರಾಠಾ ಕುದುರೆಯವರು ಸಹಾಯಕ್ಕೆ ಬಂದರು. ಕಟ್ಟಕಡೆಗೆ ಕೋಟೆಯವರು ರಾತ್ರಿಯಲ್ಲಿ ಜಾರಿಹೋಗಿ, ಉರಿಯುತ್ತಿದ್ದ ಬರಿಯ ಮನೆಗಳು ಮಾತ್ರ ಬಾದಶಹನ ಕೈಗೆ ಸಿಕ್ಕಿದುವು. ಬಳಿಕ ಸಮೀಪದ ದೇವಾಪುರದಲ್ಲಿ ಆತನು ಕಾಯಿಲೆಬಿದ್ದು ತಿಂಗಳುಗಟ್ಟಲೆ ನಿಲ್ಲಬೇಕಾಯಿತು. 1707ರಲ್ಲಿ ಅಹಮದನಗರದಲ್ಲಿ ಮರಣ.

ಈ ಸಂಗತಿಗಳನ್ನು ಯದುನಾಥರಿಗೆ ತಿಳಿಸಿದವರಲ್ಲಿ ಭೀಮಸೇನನೆಂಬ ಬುರಹಾನಪುರದ ಕಾಯಸ್ಥನು ಮುಖ್ಯನಾದವನು. ದಳಪತರಾವ್ ಬುಂದೇಲನ ಕೈಕೆಳಗೆ ಲೆಕ್ಕ ಬರೆಯುತ್ತಿದ್ದ ಈತನು ದಕ್ಷಿಣದ ಯುದ್ಧಗಳನ್ನು ಕಣ್ಣಾರೆ ಕಂಡು, ತನಗಾಗಿಯೇ ಎಂಬಂತೆ ಫಾರಸಿಯಲ್ಲಿ ಬರೆದಿಟ್ಟನು. ರೈತನ ಹಾಳಾದ ಹೊಲ, ಸಿಪಾಯಿಯ ಬಾರದ ಸಂಬಳ, ಸರದಾರನ ಬೇಸರ ಇವೆಲ್ಲವೂ ಆತನ ಕಣ್ಣಿಗೆ ಬಿದ್ದುವು. ಆದರೆ ಇವನೂ ಮುತ್ತಿಗೆ ಹಾಕಿದವರ ಪಕ್ಷದವನೇ ಎಂಬುದನ್ನು ಮರೆಯಲಾಗದು. ವಾಗಣಗೇರಿಯ ಗೋಡೆಯ ಹೊರಗಿನಿಂದ ಬರೆದ ಕಥೆಯು ನಮಗೆ ದೊರೆತಿದೆ. ಗೋಡೆಯ ಒಳಗೆ ಕನ್ನಡದಲ್ಲಿ ಆಡಿದ ಮಾತು ಆ ಗ್ರಂಥದಲ್ಲಿ ಇಲ್ಲ. ಯದುನಾಥರು ಕಲಿತ ಭಾಷೆಗಳಲ್ಲಿ ಕನ್ನಡವು ಸೇರಿರಲಿಲ್ಲ. ಇದು ಅವರ ಅಪರಾಧವೆಂದು ನಾವು ಹೇಳುವುದಿಲ್ಲ. ಒಬ್ಬನು ಎಷ್ಟು ಭಾಷೆಗಳನ್ನು ಕಲಿತಾನು? ಕನ್ನಡದ ಕಡತಗಳನ್ನೂ ಕೈಫಿಯತ್ತುಗಳನ್ನೂ ಹಿಡಿದು ಅದೇ ಕಠಿನ ಪರೀಕ್ಷೆಗೆ ಒಡ್ಡುವ ಹೊರೆಯು ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳ ಮೇಲೆ ಬಿದ್ದಿದೆಯಲ್ಲದೆ ಬಂಗಾಳದವರ ಮೇಲಲ್ಲ. ಕಚೇರಿಗಳಲ್ಲಿ ಹಳೆಯ ದಫ್ತರಗಳ ಬೀಗದ ಕೈ ಹಿಡಿದಿರುವ ನಮ್ಮ ವಾಚಕರು ಕೆಲವರಿದ್ದಾರೆ. ಅವರು ಇದನ್ನು ಸ್ವಲ್ಪ ಯೋಚಿಸಬೇಕೆಂದು ಬೇಡುತ್ತೇವೆ.

ಬೀಗದ ಮಾತು ಬಂದುದರಿಂದ ಪುಣೆಯ ಪ್ರಕರಣವನ್ನು ಹೇಳಬೇಕಾಗಿದೆ. ಪೇಶ್ವೆಗಳ ಆಡಳಿತದ ಕಾಗದಗಳ ಸಹಸ್ರಾರು ಗಂಟುಗಳು ಅಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಬಿದ್ದಿದ್ದುವು, ವಿದ್ವಾಂಸರಿಗೆ ಪ್ರವೇಶವಿರಲಿಲ್ಲ. 1919ರಲ್ಲಿ ಸ್ಥಾಪಿತವಾದ ಐತಿಹಾಸಿಕ ದಾಖಲೆಗಳ ಆಯೋಗದಲ್ಲಿ ಯದುನಾಥರು ಸದಸ್ಯರಾಗಿ, ದಾಖಲೆಗಳನ್ನು ತೆರೆಯಬೇಕೆಂದು ಬಹುಕಾಲ ವಾದಿಸಿದರು. ಬರೋಡೆಯ ಸಂಸ್ಥಾನದ ಸೇವೆಯಲ್ಲಿದ್ದು ನಿವೃತ್ತರಾದ ಗೋವಿಂದ ಸಖಾರಾಮ ಸರದೇಸಾಯಿಯವರು ಇವರ ಪರಮಮಿತ್ರರು. ಕೊನೆಗೆ ಆ ದಫ್ತರದಿಂದ ಆಯ್ದ ಪತ್ರಗಳನ್ನು ಸರದೇಸಾಯಿಯವರು 1930ರಿಂದ 1934ರ ವರೆಗೆ 45 ಭಾಗಗಳಲ್ಲಿ ಪ್ರಕಟಿಸಿದರು. ಪುಣೆಯ ಬ್ರಿಟಿಷ್ ರೆಸಿಡೆಂಟರ ಪತ್ರವ್ಯವಹಾರದ ಸಂಪುಟಗಳನ್ನು ಇಬ್ಬರೂ ಸೇರಿ ಹೊರತಂದರು.

ಮಹಾರಾಷ್ಟ್ರದಲ್ಲಿ ಎಲ್ಲರೂ ಇದರಿಂದ ಸಂತುಷ್ಟರಾಗಲಿಲ್ಲ. ರಾಜವಾಡೆಯವರು ಮುಂತಾದವರು 1910ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಇತಿಹಾಸ ಸಂಶೋಧಕ ಮಂಡಲವು ವಿಶ್ವವಿದ್ಯಾನಿಲಯದ ಆಶ್ರಯವಿಲ್ಲದೆ, ಮನೆಮನೆಯ ಅಟ್ಟಗಳನ್ನು ಹುಡುಕಿ ಅಪಾರ ಸಾಮಗ್ರಿಯನ್ನು ಕೂಡಿಸಿದ್ದಿತು. ಯದುನಾಥರು 1919ರಲ್ಲಿ ಶಿವಾಜಿಯ ಚರಿತ್ರೆಯನ್ನು ಪ್ರಕಟಿಸಿದಾಗ ಫಾರಸಿ ಮತ್ತು ಇಂಗ್ಲಿಷ್ ಕಾಗದಗಳಿಗೆ ಹೆಚ್ಚಿನ ಮನ್ನಣೆಯನ್ನು ಕೊಟ್ಟು, ಮರಾಠಿ ಬಖರುಗಳನ್ನು ಸಂದೇಹದಿಂದ ನೋಡಿದರೆಂದು ಅಲ್ಲಿಯ ವಿದ್ವಾಂಸರು ಸಿಟ್ಟಾದರು. ನಮ್ಮ ಅಭಿಪ್ರಾಯದಲ್ಲಿ ಎರಡು ಪಕ್ಷದಲ್ಲಿಯೂ ನ್ಯಾಯವಿದ್ದಿತು. ವೀರನು ಸತ್ತು ಬಹುಕಾಲವಾದ ಮೇಲೆ ಬರೆದ ಬಖರನ್ನು ಸಮಕಾಲೀನ ಪತ್ರಕ್ಕೆ ಸಮನೆನ್ನಲಾಗದು. ಆದರೆ ಶತ್ರುವಿನ ಕಚೇರಿಯ ಕಾಗದವೂ ಪಕ್ಷಪಾತವಿಲ್ಲದ ಸಾಕ್ಷಿಯಲ್ಲ. ಆಯಾ ಸೀಮೆಯ ಜನರು ತಮ್ಮ ಅಟ್ಟದಿಂದ ಇಳಿಸಿದ ಹಾಳೆಯನ್ನು ತಾತ್ಸಾರ ಮಾಡುವುದು ಪಂಡಿತನಿಗೆ ಒಪ್ಪುವುದಿಲ್ಲ. ಯದುನಾಥರು ಪ್ರತಿ ಹೊಸ ಆವೃತ್ತಿಯಲ್ಲಿಯೂ ತಮ್ಮ ಗ್ರಂಥವನ್ನು ತಿದ್ದುತ್ತಲೇ ಹೋದರು.

ಇನ್ನು ವಿಶ್ವವಿದ್ಯಾನಿಲಯದ ವಿಷಯ. 1917ರಿಂದ ಎರಡು ವರ್ಷ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ, ಬಳಿಕ ಕಟಕದಲ್ಲಿಯೂ, ಪುನಃ ಪಾಟ್ನಾದಲ್ಲಿಯೂ ಪಾಠಹೇಳಿ, 1926ರಲ್ಲಿ ಯದುನಾಥರು ನಿವೃತ್ತರಾದರು. ಆ ವರ್ಷವೇ ಅವರನ್ನು ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಉಪಕುಲಪತಿಗಳನ್ನಾಗಿ ನೇಮಿಸಲಾಯಿತು. ಅಲ್ಲಿ 1917ರಲ್ಲಿ ಆಶುತೋಷ ಮುಖರ್ಜಿಯವರು ಸ್ನಾತಕೋತ್ತರ ವಿಭಾಗಗಳನ್ನು ಕಟ್ಟಿದ್ದರು. ಮೂಲಾಧಾರದ ಭಾಷೆಯನ್ನೇ ತಿಳಿಯದ ತರುಣರಿಗೆ ಪದವಿಗಳನ್ನು ಹಂಚುವುದು ಸಲ್ಲದೆಂದೂ ಮಟ್ಟವು ಇಳಿದುಹೋಗುತ್ತಿದೆಯೆಂದೂ ಯದುನಾಥರು ಪತ್ರಿಕೆಗಳಲ್ಲಿ ಹಿಂದಿನಿಂದಲೇ ಕಠೋರವಾಗಿ ಬರೆಯುತ್ತಿದ್ದರು. ಮೈಸೂರಿನಿಂದ ರಾಧಾಕೃಷ್ಣನ್ನರನ್ನು 1921ರಲ್ಲಿ ಕರೆಯಿಸಿಕೊಂಡವರು, ರಾಮನ್ನರಿಗೆ ಪೀಠವನ್ನು ಕೊಟ್ಟವರು ಈ ಆಶುತೋಷರೇ. ಭಾರತೀಯನಿಗೆ ಉನ್ನತ ಸಂಶೋಧನೆಯ ಬಾಗಿಲನ್ನು ಅವರು ತೆರೆಯದಿದ್ದರೆ ಮಟ್ಟದ ಮಾತೇ ಹುಟ್ಟುತ್ತಿರಲಿಲ್ಲ. ಆದುದರಿಂದ ಯದುನಾಥರ ಟೀಕೆಯು ಸತ್ಯವಾಗಿದ್ದರೂ ಸಂಪೂರ್ಣ ಸತ್ಯವಾಗಿರಲಿಲ್ಲವೆಂದು ನಮಗೆ ತೋರುತ್ತದೆ. ಆಶುತೋಷರು 1924ರಲ್ಲಿ ತೀರಿಕೊಂಡಿದ್ದರೂ ಅವರ ಅನುಯಾಯಿಗಳು ಹೊಸ ಉಪಕುಲಪತಿಗಳನ್ನು ಬಲವಾಗಿ ಎದುರಿಸಿದರು. ಎರಡು ವರ್ಷಗಳು ಕಲಹದಲ್ಲಿಯೇ ಕಳೆದು, 1928ರಲ್ಲಿ ಯದುನಾಥರು ಆ ಸ್ಥಾನವನ್ನು ಬಿಟ್ಟು ತಮ್ಮ ಹಸ್ತಪ್ರತಿಗಳ ಬಳಿಗೆ ಮರಳಿದರು. ಸಭೆಗಳನ್ನು ಒಲಿಸಿಕೊಳ್ಳುವ ಕಲೆಯು ಅವರಿಗೆ ಬಂದಿರಲಿಲ್ಲ. ತಮ್ಮ ನಾಟಕವೊಂದನ್ನೇ ಅವರಿಗೆ ಅರ್ಪಿಸಿದ್ದ ರವೀಂದ್ರನಾಥ ಠಾಕೂರರು ವಿಶ್ವಭಾರತಿಯ ಆಡಳಿತಕ್ಕೆ ಸೇರಬೇಕೆಂದು ಕೇಳಿದಾಗ, ಅಲ್ಲಿ ನಿಷ್ಕೃಷ್ಟವಾದ ಶಾಸ್ತ್ರಶಿಕ್ಷಣಕ್ಕೆ ಆದರವಿಲ್ಲವೆಂದು ಹೇಳಿ ಒಲ್ಲೆನೆಂದವರು ಇವರು!

ರಾಷ್ಟ್ರೀಯರು ಇವರ ಮೇಲೆ ಹೊರಿಸಿದ ದೋಷವು ಇದಕ್ಕಿಂತ ಗುರುತರವಾದುದು. 1929ರಲ್ಲಿ ಇವರು ಸರ್ ಪದವಿಯನ್ನು ಸ್ವೀಕರಿಸಿದರು. ಢಾಕಾ ವಿಶ್ವವಿದ್ಯಾನಿಲಯಕ್ಕಾಗಿ ಸಂಪಾದಿಸಿ 1948ರಲ್ಲಿ ಪ್ರಕಟಿಸಿದ ಬಂಗಾಳದ ಇತಿಹಾಸದ ಕೊನೆಯಲ್ಲಿ, 1757ರ ಪ್ಲಾಸಿಯ ಸೋಲನ್ನು ಹೊಸ ಯುಗದ ಉದಯವೆಂಬಂತೆ ವರ್ಣಿಸಿದರು. ಆ ಉದಯದ ಬೆಳಕಿನಲ್ಲಿಯೇ ಬಂಗಾಳದ ರೈತನು 1770ರ ಕ್ಷಾಮದಲ್ಲಿ ಸತ್ತನೆಂಬುದನ್ನು ನಾವು ಮರೆಯಲಾರೆವು. ಮೊಗಲ ರಾಜ್ಯದ ಪತನಕ್ಕೆ ಔರಂಗಜೇಬನ ಧರ್ಮನೀತಿಯನ್ನೇ ಅವರು ಬಹುವಾಗಿ ಹೊಣೆಮಾಡಿದುದನ್ನೂ ಪಂಡಿತರು ಒಪ್ಪಿಲ್ಲ. ಅಲಿಗಢದ ಇರ್ಫಾನ್ ಹಬೀಬರು 1963ರಲ್ಲಿ ರೈತನ ಮೇಲಿನ ಕಂದಾಯದ ಭಾರವನ್ನು ಮುಂದಿಟ್ಟರು. ಅಥರ್ ಅಲಿಯವರು 1966ರಲ್ಲಿ ಮನಸಬುದಾರರನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಆ ಬಾದಶಹನ ಕೊನೆಯ ದಶಕಗಳಲ್ಲಿ ಹಿಂದೂ ಸರದಾರರ ಪ್ರಮಾಣವು ಇಳಿಯದೆ ಏರಿತ್ತೆಂದು ತೋರಿಸಿದರು. ಆ ಎಣಿಕೆಗೆ ಉಪಯೋಗಿಸಿದ ಸಾಮಗ್ರಿಯಲ್ಲಿ ಯದುನಾಥರು ಬೆಳಕಿಗೆ ತಂದ ಅಖಬಾರುಗಳೂ ಇದ್ದುವು. ಗುರುವಿನ ಬಿಲ್ಲಿನಿಂದಲೇ ಗುರುವನ್ನು ಹೊಡೆದಂತೆ.

ಆದರೆ ಇನ್ನೊಂದು ಪ್ರಸಂಗವನ್ನೂ ಇಲ್ಲಿ ನೆನೆಯುವುದು ಧರ್ಮ. 1937ರಲ್ಲಿ ಬಾಬು ರಾಜೇಂದ್ರ ಪ್ರಸಾದರು ರಾಷ್ಟ್ರೀಯವಾದ ಭಾರತೇತಿಹಾಸವೊಂದನ್ನು ರಚಿಸುವ ಯೋಜನೆಯ ವಿಷಯವಾಗಿ ಇವರ ಸಹಾಯವನ್ನು ಕೋರಿದಾಗ ಇವರು ಹಿಂಜರಿಯಲಿಲ್ಲ. ರಾಷ್ಟ್ರದ ಇತಿಹಾಸವು ಸತ್ಯವಾಗಿದ್ದಾಗ ಮಾತ್ರ ರಾಷ್ಟ್ರೀಯವೆನಿಸುವುದೆಂದೂ, ನಮ್ಮ ಅವಮಾನಕರ ಸಂಗತಿಗಳನ್ನು ಅದು ಮರೆಮಾಚಬಾರದೆಂದೂ, ಅವುಗಳ ಜೊತೆಗೆ ಉದಾತ್ತವಾದುದೂ ಇದ್ದಿತೆಂಬುದನ್ನು ತೋರಿಸಬೇಕೆಂದೂ ಉತ್ತರ ಬರೆದರು. ಸರಕಾರದ ಬಿರುದನ್ನು ಹೊತ್ತ ಪಂಡಿತನೂ ಸೆರೆಮನೆಯನ್ನು ಕಂಡ ದೇಶಭಕ್ತನೂ ಒಂದೇ ಕೆಲಸದ ಮೇಲೆ ಕಲೆತುದು ಸಣ್ಣ ಸಂಗತಿಯಲ್ಲ. ಅಪ್ರಿಯವಾದ ಪತ್ರವನ್ನು ಬಚ್ಚಿಟ್ಟು ಪ್ರಿಯವಾದ ಪತ್ರವನ್ನು ಮೆರೆಯಿಸುವ ದೇಶಭಕ್ತಿಯು ನಮ್ಮ ಪಕ್ಷದಲ್ಲಿ ಇಲ್ಲದೆ ಇಲ್ಲ. ಪರಕೀಯರು ನಮ್ಮ ಚರಿತ್ರೆಯನ್ನು ತಿರುಚಿದರೆಂದು ದೂರುವ ನಾವು ಅದನ್ನು ಬೇರೊಂದು ದಿಕ್ಕಿಗೆ ತಿರುಚಿದರೆ, ಆ ದೂರಿಗೆ ಯಾವ ಬೆಲೆ ಉಳಿಯುತ್ತದೆ?

ಅರವತ್ತು ದಾಟಿದ ಮೇಲೆ ಯದುನಾಥರು ಮೊಗಲ ಸಾಮ್ರಾಜ್ಯದ ಪತನವೆಂಬ ತಮ್ಮ ಎರಡನೆಯ ಮಹಾಗ್ರಂಥವನ್ನು ಪ್ರಕಟಿಸತೊಡಗಿದರು. ಮೊದಲ ಸಂಪುಟವು 1932ರಲ್ಲಿಯೂ, 1803ರವರೆಗಿನ ಕಥೆಯನ್ನು ಮುಗಿಸುವ ನಾಲ್ಕನೆಯದು 1950ರಲ್ಲಿಯೂ ಹೊರಬಂದುವು. ಮಧ್ಯೆ ಮನೆಯಲ್ಲಿ ಸಾವಿನ ಮೇಲೆ ಸಾವು. ದೇಶವಿಭಜನೆಯ ಕಾಲದ ಕಲ್ಕತ್ತೆಯ ಗಲಭೆಗಳಲ್ಲಿ ಹಿರಿಯ ಮಗನು ಇರಿತಕ್ಕೆ ಬಲಿಯಾದನು. ಔರಂಗಜೇಬನ ಆಳಿಕೆಯ ಅಧಿಕೃತ ಫಾರಸಿ ಚರಿತ್ರೆಯಾದ ಮಾಸಿರ್ ಎ ಆಲಂಗೀರಿಯ ಇಂಗ್ಲಿಷ್ ಅನುವಾದವನ್ನು ಅವರು ಪ್ರಕಟಿಸಿದುದು 1947ರಲ್ಲಿ.

1958ರ ಮೇ 19ರಂದು ಕಲ್ಕತ್ತೆಯಲ್ಲಿ ಅವರು ಕಾಲವಾದರು. ಸರದೇಸಾಯಿಯವರು ಮರುವರ್ಷ ಅವರನ್ನು ಹಿಂಬಾಲಿಸಿದರು. ಜಯಪುರದ ಸಂಸ್ಥಾನಕ್ಕಾಗಿ ಅಲ್ಲಿಯ ದಫ್ತರಗಳನ್ನು ಶೋಧಿಸಿ ಬರೆದುಕೊಟ್ಟಿದ್ದ ಚರಿತ್ರೆಯು ಅಚ್ಚಾಗದೆ ದಶಕಗಳ ಕಾಲ ಉಳಿದು, ಅವರ ಶಿಷ್ಯರಾದ ಸೀತಾಮಾವಿನ ರಘುವೀರ ಸಿಂಹರ ಪ್ರಯತ್ನದಿಂದ 1984ರಲ್ಲಿ ಬೆಳಕನ್ನು ಕಂಡಿತು. ಯದುನಾಥರ ಪುಸ್ತಕ ಹಸ್ತಪ್ರತಿಗಳ ಸಂಗ್ರಹವು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದೆ. ಲೇಕ್ ಟೆರೇಸಿನಲ್ಲಿದ್ದ ಅವರ ಮನೆಯಲ್ಲಿ 1973ರಲ್ಲಿ ಸಮಾಜಶಾಸ್ತ್ರಗಳ ಸಂಶೋಧನ ಕೇಂದ್ರವೊಂದು ತೆರೆಯಲ್ಪಟ್ಟಿತು. ರಾಜರ ಯುದ್ಧಗಳನ್ನು ಬಿಟ್ಟು ರೈತರ ದಂಗೆಗಳನ್ನು ಬರೆದ ಹೊಸ ಪಂಥದ ಇತಿಹಾಸಕಾರರು ಆ ಕೋಣೆಗಳಲ್ಲಿ ಕುಳಿತು ಕೆಲಸಮಾಡಿದರು. ಆ ಪಂಥದವರಲ್ಲೇ ಒಬ್ಬರಾದ ದೀಪೇಶ ಚಕ್ರವರ್ತಿಯವರು, ಯದುನಾಥರೂ ಸರದೇಸಾಯಿಯವರೂ ದಶಕಗಳ ಕಾಲ ಪರಸ್ಪರ ಬರೆದುಕೊಂಡ ಕಾಗದಗಳನ್ನು ಒಂದೊಂದಾಗಿ ಓದಿ, 2015ರಲ್ಲಿ ಅವರ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದರು.